ರಾಣಿಯ ಎರಡು ಪುಟ

ನನ್ನ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ರಾಣಿ ಎರಡು ಪುಟ ಮಾತಾಡಿದಳು. ಆ ಎರಡು ಪುಟ ಬರೆದದ್ದು ನಾನಲ್ಲ. ಬರೆದದ್ದು ಬದಿಯಡ್ಕ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಉತ್ತರಕ್ರಿಯೆಯ ಕಾರ್ಡು ಟೈಪು ಮಾಡಿಕೊಡುವ ಒಬ್ಬ ಮನುಷ್ಯ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಏಳು ವರ್ಷ ನಾನು ತಿದ್ದಿದ ಪುಸ್ತಕ ಅದು, ಏಳು ಸಲ ಮೊದಲಿನಿಂದ ಕೊನೆಯವರೆಗೆ ಕೈಯಲ್ಲಿ ಬರೆದದ್ದು. ಅದು ನನ್ನ ಪುಸ್ತಕ ಹೌದೋ ಅಲ್ಲವೋ ಎಂದು ಐವತ್ತೆರಡನೇ ವಯಸ್ಸಿನಲ್ಲಿ ನನ್ನನ್ನು ನಾನೇ ಕೇಳಿಕೊಳ್ಳುವ ಹಾಗೆ ಮಾಡಿದವನು ಅವನು.

ನಾನು ಹೈಸ್ಕೂಲಿನ ಕನ್ನಡ ಮಾಧ್ಯಮ ವಿಭಾಗದಲ್ಲಿ ವಿಜ್ಞಾನ ಕಲಿಸುವವಳು. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಆಫೀಸಿನ ಕಾಗದಪತ್ರಕ್ಕೆ ಮಲಯಾಳ. ಈ ಗಡಿನಾಡಿನಲ್ಲಿ ಎಲ್ಲರದ್ದೂ ಇದೇ ಕತೆ, ಹಾಗಾಗಿ ಅದನ್ನು ಯಾರೂ ದೊಡ್ಡ ವಿಷಯ ಮಾಡುವುದಿಲ್ಲ. ದೊಡ್ಡ ವಿಷಯವಾದದ್ದು ನಾನು ಕಾದಂಬರಿ ಬರೆಯುತ್ತಿದ್ದೇನೆ ಎಂಬುದು. ಅದೂ ಇಲ್ಲದ ಊರಿನ, ಇಲ್ಲದ ರಾಣಿಯ ಕಾದಂಬರಿ. "ಮಕ್ಕಳ ಕತೆಯಾ ಟೀಚರೇ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರು ಒಬ್ಬಿಬ್ಬರಲ್ಲ. "ವಿಜ್ಞಾನದವರಿಗೆ ಇದೆಲ್ಲ ಎಂತಕ್ಕೆ?" ಎಂದು ನಕ್ಕವರೂ ಇದ್ದಾರೆ. ಇಲ್ಲದ ಒಂದು ಊರನ್ನು ನಿಲ್ಲಿಸಲಿಕ್ಕೆ ಎಷ್ಟು ಲೆಕ್ಕಾಚಾರ ಬೇಕು ಎಂದು ಇವರಿಗೆ ಎಂತ ಗೊತ್ತು!

ಮೊದಲ ಟಿಪ್ಪಣಿಗಳು ಇರುವುದು ಟೀಚಿಂಗ್ ಮ್ಯಾನ್ಯುಯಲಿನ ಹಿಂದಿನ ಪುಟಗಳಲ್ಲಿ. ನಾಳೆ ಯಾವ ಪಾಠ, ಹೇಗೆ ಮಾಡುವುದು ಎಂದು ನಾವು ದಿನಾ ಬರೆದಿಡಬೇಕಾದ ಪುಸ್ತಕ ಅದು. ಮುಂದಿನಿಂದ ತೆರೆದರೆ ಆಮ್ಲ, ಪ್ರತ್ಯಾಮ್ಲ. ಹಿಂದಿನಿಂದ ತೆರೆದರೆ ನನ್ನ ರಾಜ್ಯ. ಈಗ ಓದಿದರೆ ನಾಚಿಕೆಯಾಗುತ್ತದೆ. ಅಲ್ಲಿ ಒಬ್ಬ ರಾಜಕುಮಾರಿ ಇದ್ದಾಳೆ, ಅವಳಿಗೊಂದು ಖಡ್ಗ, ಒಂದು ಬಿಳಿ ಕುದುರೆ. ನಾನು ಕುದುರೆಯನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಅದು ಎಂತ ತಿನ್ನುತ್ತದೆ, ಗುಡ್ಡ ಹತ್ತುವಾಗ ಹೇಗೆ ಉಸಿರು ಬಿಡುತ್ತದೆ ಎಂದು ಒಂದೂ ಗೊತ್ತಿಲ್ಲದೆ ಎಂಬತ್ತು ಪುಟ ಓಡಿಸಿದ್ದೇನೆ. ಎಂಟು ರಾಜ್ಯಗಳು, ಹಿಮದ ಬೆಟ್ಟ, ಮಂತ್ರವಿದ್ಯೆಗೆ ಹದಿನೇಳು ನಿಯಮ. ಹನ್ನೊಂದನೇ ನಿಯಮ ನಾಲ್ಕನೆಯದಕ್ಕೆ ವಿರುದ್ಧವಾಗಿತ್ತು.

ಎರಡನೇ ಸಲ ಬರೆಯುವಾಗ ಕುದುರೆಯನ್ನು ಓಡಿಸಿಬಿಟ್ಟೆ. ಖಡ್ಗವೂ ಹೋಯಿತು. ಹಿಮ ಹೋಗಿ ನಮ್ಮ ಕಡೆಯ ಕೆಂಪು ಮುರಕಲ್ಲಿನ ಗುಡ್ಡ ಬಂತು. ಮೀಂಜದಲ್ಲಿ ನನ್ನ ಅಜ್ಜಿಮನೆಯ ಹಿಂದೆ ಒಂದು ಸುರಂಗ ಇತ್ತು. ನೀರು ಸಿಗುವವರೆಗೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದುಕೊಂಡು ಹೋಗುವ ಬಾವಿ. ಒಬ್ಬರು ಬಗ್ಗಿ ನಡೆಯುವಷ್ಟು ಎತ್ತರ. ಅದರ ಬಾಯಿಯ ಹತ್ತಿರ ನಿಂತು ಕೂಗಿದರೆ ನಮ್ಮ ಮಾತು ಒಳಗೆ ಹೋಗಿ ವಾಪಸು ಬರಲಿಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಕೆಲವು ಶಬ್ದ ಬರುತ್ತಲೇ ಇರಲಿಲ್ಲ ಎಂದು ಆಗ ನನಗೆ ಅನಿಸುತ್ತಿತ್ತು. ಹದಿನೇಳು ನಿಯಮ ಹೊಡೆದು ಹಾಕಿ ಒಂದೇ ನಿಯಮ ಇಟ್ಟುಕೊಂಡೆ: ಸುರಂಗದಿಂದ ನೀರು ಒಯ್ಯುವವರು ಅದರ ಬಾಯಲ್ಲಿ ಒಂದು ಶಬ್ದ ಬಿಟ್ಟು ಹೋಗಬೇಕು, ಬಿಟ್ಟ ಶಬ್ದ ಮತ್ತೆ ಅವರ ಬಾಯಿಗೆ ಬರುವುದಿಲ್ಲ. ಗುಡ್ಡದೊಳಗೆ ಕೂತು ಆ ಶಬ್ದಗಳನ್ನೆಲ್ಲ ಕೂಡಿಡುವವಳು ರಾಣಿ. ರಾಜಕುಮಾರಿಯ ಜಾಗಕ್ಕೆ ನೀರು ಹೊರುವ ಒಬ್ಬ ಹುಡುಗಿ ಬಂದಳು. ಊರವರ ಮಾತೆಲ್ಲ ಖಾಲಿಯಾಗುತ್ತಾ ಬಂದಾಗ ಅವಳು ಒಳಗೆ ಹೋಗಿ ರಾಣಿಯನ್ನು ಎದುರಿಸುತ್ತಾಳೆ. ಕತೆ ಇಷ್ಟೇ. ಈ ಇಷ್ಟಕ್ಕೆ ಬರಲಿಕ್ಕೆ ನನಗೆ ಎರಡೂವರೆ ವರ್ಷ ಹಿಡಿಯಿತು.

ಆಮೇಲಿನ ಐದು ಸಲ ತಿದ್ದಿದ್ದು ಕೆಂಪು ಪೆನ್ನಿನಲ್ಲಿ. ಮಕ್ಕಳ ಉತ್ತರಪತ್ರಿಕೆ ತಿದ್ದುವ ಅದೇ ಪೆನ್ನು, ಅದೇ ಕೈ. ಒಂದು ಅಧ್ಯಾಯಕ್ಕೆ ಹತ್ತರಲ್ಲಿ ಮೂರು ಕೊಟ್ಟು ಹರಿದು ಹಾಕಿದ್ದೂ ಉಂಟು. ನಾಲ್ಕನೇ ಸಲಕ್ಕೆ ಹುಡುಗಿಯ ತಮ್ಮ ಸತ್ತ, ಐದನೇ ಸಲಕ್ಕೆ ಅವನು ಹುಟ್ಟಿಯೇ ಇರಲಿಲ್ಲ. ಕೊಚ್ಚಿಯಲ್ಲಿ ಓದುವ ನನ್ನ ಮಗಳು ರಜೆಯಲ್ಲಿ ಬಂದಾಗೆಲ್ಲ, "ಅಮ್ಮ, ಇನ್ನೂ ಮುಗೀಲಿಲ್ವಾ?" ಎಂದು ಕೇಳುತ್ತಿದ್ದಳು. ಏಳನೇ ಸಲ ಮುಗಿಯಿತು. ಕೊನೆಯ ಅಧ್ಯಾಯದಲ್ಲಿ ಹುಡುಗಿ ರಾಣಿಯನ್ನು ನಾಲ್ಕು ಪುಟ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅದಾದ ಮೇಲೆ ಒಂದೇ ಸಾಲು: "ರಾಣಿ ಸುಮ್ಮನೆ ನೋಡಿದಳು." ಆಮೇಲೆ ನೀರು ಏರುತ್ತದೆ, ರಾಣಿ ಮುಳುಗುತ್ತಾಳೆ, ಶಬ್ದಗಳೆಲ್ಲ ಊರಿಗೆ ವಾಪಸು. ಆ ಒಂದು ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಬೆಂಗಳೂರಿನ ಪ್ರಕಾಶಕರು ಟೈಪು ಮಾಡಿದ ಫೈಲೇ ಬೇಕೆಂದರು. ಮುನ್ನೂರು ಪುಟ ಟೈಪು ಮಾಡುವ ತಾಳ್ಮೆ ನನಗಿಲ್ಲ. ಅದಕ್ಕೇ ಆ ಡಿಟಿಪಿ ಅಂಗಡಿಗೆ ಕೊಟ್ಟದ್ದು. ಅವನಿಗೆ ಅರುವತ್ತರ ಹತ್ತಿರ ವಯಸ್ಸು. ನಾನು ಕರೆಯುವುದು ಅಣ್ಣ ಎಂದೇ. ಸಿಟ್ಟು ಬಂದಾಗ ಮಾತ್ರ ಮನಸ್ಸಿನಲ್ಲಿ ಏಕವಚನ. ಕನ್ನಡ ಟೈಪಿಂಗಿನಲ್ಲಿ ತಪ್ಪಿಲ್ಲ ಎಂದು ಪೇಟೆಗೆಲ್ಲ ಹೆಸರು. ಅವನಿಗೆ ಇನ್ನೊಂದು ಹುಚ್ಚು ಇರುವುದೂ ನನಗೆ ಗೊತ್ತಿತ್ತು: ತಾಳಮದ್ದಳೆ. ವೇಷ ಕಟ್ಟದೆ, ಕುಣಿಯದೆ, ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ. ಭಾಗವತರು ಬರೆದಿಟ್ಟ ಪದ ಹಾಡುತ್ತಾರೆ. ಆ ಪದಕ್ಕೆ ಅರ್ಥ ಹೇಳುವವರು ತಮ್ಮದೇ ಮಾತು ಅಲ್ಲೇ ಕಟ್ಟಿ ಹೇಳುತ್ತಾರೆ, ಎದುರು ಕೂತವರು ಅದಕ್ಕೆ ಉತ್ತರ ಕೊಡಬೇಕು. ಇಂಥ ಕೂಟಗಳಲ್ಲಿ ಅವನದು ಯಾವಾಗಲೂ ಎದುರಾಳಿಯ ಪಾತ್ರ. ಗೆಲ್ಲುವವರ ಪಾತ್ರ ಕೊಟ್ಟರೆ ಬೇಡ ಅನ್ನುತ್ತಾನಂತೆ.

ಎಲ್ಲ ಅಧ್ಯಾಯಗಳನ್ನೂ ನಾನು ಅಕ್ಷರ ಅಕ್ಷರ ನೋಡಿದೆ, ಕೊನೆಯದೊಂದನ್ನು ಬಿಟ್ಟು. ಅದು ವಾಟ್ಸಾಪಿನಲ್ಲಿ ಬಂದಾಗ ನಾನು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕ್ಯಾಂಪಿನಲ್ಲಿದ್ದೆ. "ಕೊನೆದು ಸ್ವಲ್ಪ ನೋಡಿ ಟೀಚರೇ" ಎಂದು ಕೆಳಗೆ ಬರೆದಿದ್ದ. ಅಕ್ಷರ ತಪ್ಪಿನ ವಿಷಯ ಇರಬೇಕು ಅಂದುಕೊಂಡು ಹಾಗೆಯೇ ಬೆಂಗಳೂರಿಗೆ ದೂಡಿಬಿಟ್ಟೆ. ಊರ ಮಕ್ಕಳ ಪೇಪರಿನಲ್ಲಿ ಅರ್ಧ ಮಾರ್ಕು ಹುಡುಕುತ್ತಾ ಕೂತವಳು ನನ್ನದೇ ಪೇಪರು ನೋಡಲಿಲ್ಲ.

ಮೂರು ವಾರ ಕಳೆದು ಸಂಪಾದಕರ ಫೋನು ಬಂತು. "ಪುಸ್ತಕ ಮಾಡೋಣ ಮೇಡಂ. ನಿಜ ಹೇಳ್ಬೇಕಂದ್ರೆ ಮಧ್ಯದಲ್ಲಿ ನಂಗೆ ಅನುಮಾನ ಇತ್ತು. ಆದ್ರೆ ಕೊನೇಲಿ ರಾಣಿ ಮಾತು ಇದ್ಯಲ್ಲ, ಅದನ್ನ ಓದಿ ಸುಮ್ನೆ ಕೂತ್ಬಿಟ್ಟೆ. ಆ ಎರಡು ಪುಟಕ್ಕಾದ್ರೂ ಈ ಪುಸ್ತಕ ಬರ್ಬೇಕು."

ಯಾವ ಮಾತು? ನನ್ನ ರಾಣಿ ಮಾತಾಡುವುದೇ ಇಲ್ಲವಲ್ಲ! ಅದನ್ನು ಅಲ್ಲೇ ಕೇಳಬೇಕಿತ್ತು. ನಾನು ಹೇಳಿದ್ದು, "ಓಹ್, ತುಂಬ ಸಂತೋಷ ಸರ್." ಆ ಸಂತೋಷ ಎಂಬ ಶಬ್ದ ಬಾಯಿಯಿಂದ ಹೊರಟದ್ದಕ್ಕೆ ನಾನು ನನ್ನನ್ನು ಇನ್ನೂ ಕ್ಷಮಿಸಿಲ್ಲ. ಫೋನಿಟ್ಟು ಫೈಲು ತೆರೆದೆ. "ರಾಣಿ ಸುಮ್ಮನೆ ನೋಡಿದಳು" ಎಂಬ ಸಾಲು ಇತ್ತು. ಅದರ ಕೆಳಗೆ ಹೀಗಿತ್ತು:

"ಕಸಿದೆನೆ? ಎಲ್ಲಿ ಕಸಿದೆ? ಸುರಂಗದ ಬಾಯಲ್ಲಿ ನಾನು ಕತ್ತಿ ಹಿಡಿದು ನಿಂತಿದ್ದೆನೆ? ಬಂದವರು ನೀವು. ಕೊಡ ತುಂಬಬೇಕಿತ್ತು, ಅವಸರವಿತ್ತು. ಇರುವುದರಲ್ಲಿ ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಎಂದು ಆರಿಸಿ ಆರಿಸಿ ಬಿಟ್ಟವರು ನೀವು. ಬಿಟ್ಟು ಹೋದದ್ದನ್ನು ಒರೆಸಿ, ಜೋಡಿಸಿ, ಇಷ್ಟು ವರ್ಷ ಕಾಯ್ದವಳು ನಾನು. ಹೇಳು, ನಮ್ಮಿಬ್ಬರಲ್ಲಿ ಕಳ್ಳಿ ಯಾರು?"

ಹೀಗೆ ಎರಡು ಪುಟ.  ಚೆನ್ನಾಗಿತ್ತು ಎಂಬುದೇ ದೊಡ್ಡ ಅನ್ಯಾಯ. ಕೆಟ್ಟದಾಗಿದ್ದರೆ ನಗುತ್ತಾ ಅಳಿಸಬಹುದಿತ್ತು.

ಮರುದಿನ ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಹೋದೆ. ಅವನು ಯಾವುದೋ ಗೃಹಪ್ರವೇಶದ ಕಾಗದಕ್ಕೆ ಗಣಪತಿಯ ಚಿತ್ರ ಕೂರಿಸುತ್ತಿದ್ದ. ಚಪ್ಪಲಿಯನ್ನೂ ಬಿಚ್ಚದೆ ಒಳಗೆ ಹೋಗಿ ಕೇಳಿದೆ: "ನನ್ನ ಪುಸ್ತಕದಲ್ಲಿ ಬರೀಲಿಕ್ಕೆ ನಿಮಗೆ ಹೇಳಿದ್ದು ಯಾರು?"

"ಕೂತ್ಕೊಳ್ಳಿ ಟೀಚರೇ, ಚಾ ಹೇಳ್ತೇನೆ."

"ಚಾ ಬೇಡ. ಯಾರು ಹೇಳಿದ್ದು?"

"ಯಾರು ಹೇಳ್ಳಿಕ್ಕೆ ಉಂಟು? ನೀವು ಆ ರಾಣಿಗೆ ನಾಲ್ಕು ಪುಟ ಬೈದಿದ್ದೀರಿ. ಅವಳು ಬಾಯಿ ಮುಚ್ಚಿ ನಿಂತು ಮುಳುಗುವುದು. ಅದೆಂತ ನ್ಯಾಯ ಮಾರಾಯ್ರೆ? ಕೂಟದಲ್ಲಿ ಹೀಗೆ ಮಾಡಿದ್ರೆ ಸಭೆ ಎದ್ದು ಹೋಗ್ತದೆ."

"ಇದು ಕೂಟ ಅಲ್ಲ. ಕಾದಂಬರಿ."

"ಎದುರಾಳಿ ಇದ್ದ ಮೇಲೆ ಕೂಟವೇ ಅಲ್ವಾ?" ಎಂದ, ನಿಜವಾಗಿಯೂ ಅನುಮಾನ ಬಂದವನ ಹಾಗೆ. "ನಿಮ್ಮದು ಒಂದಕ್ಷರ ನಾನು ಮುಟ್ಲಿಲ್ಲ. 'ಸುಮ್ಮನೆ ನೋಡಿದಳು' ಅಂತ ಇತ್ತಲ್ಲ, ಅದು ಪದ. ಅದಕ್ಕೆ ನಾನು ಅರ್ಥ ಹೇಳಿದೆ. ಬೇಡದಿದ್ರೆ ನೀವು ತೆಗೀತೀರಿ ಅಂತ ಗ್ರಹಿಸಿದೆ. 'ಸ್ವಲ್ಪ ನೋಡಿ' ಅಂತ ಬರೆದಿದ್ದೇನಲ್ಲ?"

ಬರೆದಿದ್ದ. ಹೌದು. ಅದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಕಳ್ಳತನ ಮಾಡಿದವನಿಗೆ ಬೈಯಬಹುದು, ಉಪಕಾರ ಮಾಡಿದೆ ಎಂದು ಕೂತವನಿಗೆ ಎಂತ ಮಾಡುವುದು? "ಹಾಗಾದರೆ ಪುಸ್ತಕದಲ್ಲಿ ನಿಮ್ಮ ಹೆಸರು ಹಾಕ್ತೇನೆ" ಎಂದೆ, ಬೈಗುಳದ ದನಿಯಲ್ಲೇ. ಅವನು ಕೈ ಅಲ್ಲಾಡಿಸಿದ. "ಅರ್ಥ ಹೇಳಿದ್ದಕ್ಕೆ ಎಂತ ಹೆಸರು? ಕೂಟ ಮುಗಿದ ಮೇಲೆ ಅದು ಮುಗೀತು. ನಾಳೆ ಕೇಳಿದ್ರೆ ನಾನೇ ಬೇರೆ ಹೇಳಿಯೇನು."

ಮನೆಗೆ ಬಂದು ಆ ಎರಡು ಪುಟ ಅಳಿಸಿದೆ. ನನ್ನ ರಾಣಿಗೆ ಮಾತು ಬೇಕೆಂದಾದರೆ ನಾನೇ ಕೊಡುತ್ತೇನೆ, ಪೇಟೆಯವರ ಹಂಗು ಬೇಡ. ಒಂದು ವಾರ ಬರೆದೆ. ನಾನು ಬರೆದ ರಾಣಿ ಗೋಗರೆದಳು, ಗಹಗಹಿಸಿ ನಕ್ಕಳು, ಬಾಲ್ಯದಲ್ಲಿ ತನಗಾದ ಅನ್ಯಾಯ ಹೇಳಿಕೊಂಡಳು. ಒಂದಕ್ಕೂ ಹತ್ತರಲ್ಲಿ ನಾಲ್ಕು ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಏಳೂ ಕರಡುಗಳನ್ನು ಚಾವಡಿಯ ನೆಲದ ಮೇಲೆ ಹರಡಿ ಕೂತೆ. ರಾಣಿ ಬರುವ ಜಾಗ ಮಾತ್ರ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎರಡನೆಯದರಲ್ಲಿ ಅವಳು ಒಂದೂವರೆ ಪುಟ ಮಾತಾಡುತ್ತಾಳೆ. ಮೂರನೆಯದರಲ್ಲಿ ಮುಕ್ಕಾಲು, ಬದಿಯಲ್ಲಿ ಕೆಂಪಿನಲ್ಲಿ "ಉದ್ದವಾಯಿತು". ನಾಲ್ಕನೆಯದರಲ್ಲಿ ಎಂಟು ಸಾಲು. "ಇವಳಿಗೆ ಇಷ್ಟು ಅವಕಾಶ ಬೇಡ". ಆರನೆಯದರಲ್ಲಿ ಎರಡು ಸಾಲು; "ಮೌನವೇ ಚಂದ". ಏಳನೆಯದರಲ್ಲಿ ಸುಮ್ಮನೆ ನೋಡಿದಳು. ಇದನ್ನೆಲ್ಲ ನಾನು ಕಲೆ ಅಂದುಕೊಂಡಿದ್ದೆ. ಎರಡನೇ ಕರಡಿನಲ್ಲಿ ರಾಣಿಯ ಒಂದು ಸಾಲು ಓದಲಿಕ್ಕೇ ಆಗದಷ್ಟು ಹೊಡೆದು ಹಾಕಿದ್ದೇನೆ. ಕಾಗದ ಹರಿದು ಕೆಳಗಿನ ಪುಟಕ್ಕೂ ಕೆಂಪು ಇಳಿದಿದೆ. ಕಿಟಕಿಗೆ ಹಿಡಿದು ನೋಡಿದರೆ "ನೀನೂ ಬಿಟ್ಟವಳೇ" ಎಂದು ಓದಬಹುದು. ಅದನ್ನು ಯಾಕೆ ಅಷ್ಟು ಸಿಟ್ಟಿನಲ್ಲಿ ಹೊಡೆದೆ ಎಂದು ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲು ಮನಸ್ಸಾಗಲಿಲ್ಲ.

ಸೋಮವಾರ ಮತ್ತೆ ಅಂಗಡಿಗೆ ಹೋದೆ. ಸೋತು ಹೋದದ್ದಲ್ಲ, ಜಗಳಕ್ಕೇ ಹೋದದ್ದು. "ನೀವು ರಾಣಿಯಾಗಿ ಕೂತ್ಕೊಳ್ಳಿ. ನಾನು ಹುಡುಗಿ. ಕಾಗದ ಇಲ್ಲದೆ ಮಾತಾಡುವಾ. ಅವಳನ್ನು ಸೋಲಿಸಲಿಕ್ಕೆ ನನಗೆ ಆಗ್ತದಾ ನೋಡ್ತೇನೆ."

ಅವನಿಗೆ ಖುಷಿಯಾಯಿತು. ಕಂಪ್ಯೂಟರಿನಿಂದ ಎದ್ದು ನನ್ನ ಎದುರು ಸ್ಟೂಲು ಎಳೆದು ಕೂತ, ಬೆನ್ನು ನೆಟ್ಟಗೆ ಮಾಡಿಕೊಂಡ. ನಾನು ಶುರು ಮಾಡಿದೆ. ನಾಲ್ಕು ಪುಟದ ಬೈಗುಳ ನನಗೆ ಬಾಯಿಪಾಠ. ಊರಿನ ಅಜ್ಜಿಯರು ಮಾತಿಲ್ಲದೆ ಸತ್ತದ್ದು, ಮಕ್ಕಳು ಹಾಡು ಮರೆತದ್ದು, ಎಲ್ಲ ಹೇಳಿದೆ. ನನ್ನ ದನಿ ಏರುತ್ತಾ ಹೋಯಿತು. ಪಕ್ಕದ ಬಟ್ಟೆ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತರು.

ಅವನು ಗಡಿಬಿಡಿ ಮಾಡಲಿಲ್ಲ. ಮೆತ್ತಗೆ ಕೇಳಿದ: "ನೀನು ಊರವರ ಪರವಾಗಿ ಬಂದವಳು. ಸಂತೋಷ. ಊರವರ ಪಟ್ಟಿ ತಂದಿದ್ದೀಯ, ಯಾರು ಯಾರು ಯಾವ ಶಬ್ದ ಬಿಟ್ಟರೆಂದು ನಿನಗೆ ಬಾಯಿಪಾಠ. ಮನೆ ಮನೆ ಹತ್ತಿ ಇಳಿದವಳಿಗೆ ಅದು ಗೊತ್ತಿರಲೇಬೇಕು. ನನಗೆ ತಿಳಿಯದ್ದು ಒಂದೇ. ನಿನ್ನ ಕೊಡ ಯಾವಾಗಲೂ ತುಂಬಿಯೇ ಇತ್ತಲ್ಲ, ಅದು ಹೇಗೆ?"

"ನನ್ನ ಮಗಳ ಸುದ್ದಿ ಯಾಕೆ ಎತ್ತುತ್ತೀರಿ?" ಎಂದು ಕಿರುಚಿದೆ.

 ಅವನು ರಾಣಿಯ ದನಿ ಬಿಟ್ಟು ತನ್ನ ದನಿಯಲ್ಲಿ ಹೇಳಿದ: "ನಾನು ಮಗಳ ಸುದ್ದಿ ಎತ್ತಲೇ ಇಲ್ಲ ಟೀಚರೇ."

ಎತ್ತಿರಲಿಲ್ಲ. ಎತ್ತಿದ್ದು ನಾನು. ಪ್ರತಿ ಮೇ ತಿಂಗಳು ನಾವು ಕನ್ನಡ ಮಾಧ್ಯಮದವರು ಮನೆ ಮನೆಗೆ ಹೋಗುತ್ತೇವೆ. ಮಕ್ಕಳನ್ನು ನಮ್ಮಲ್ಲಿ ಸೇರಿಸಿ, ಮಕ್ಕಳಿಲ್ಲದಿದ್ದರೆ ಕನ್ನಡದ ಡಿವಿಜನ್ನೇ ಮುಚ್ಚಿ ಹೋಗುತ್ತದೆ, ಭಾಷೆ ಹೋಗುತ್ತದೆ ಎಂದು ಅಂಗಳದಲ್ಲಿ ನಿಂತು ಕೈಮುಗಿಯುತ್ತೇವೆ. ಇಪ್ಪತ್ತು ವರ್ಷ ನಾನು ಹಾಗೆ ಕೈಮುಗಿದಿದ್ದೇನೆ. ನನ್ನ ಮಗಳನ್ನು ಯುಕೆಜಿಯಿಂದಲೇ ಇಂಗ್ಲಿಷ್ ಶಾಲೆಗೆ ಕಳಿಸಿದೆ. ಅಲ್ಲಿ ಅವಳು ಹಿಂದಿ ಕಲಿತಳು, ಮಲಯಾಳ ಕಲಿತಳು. "ನಿಮ್ಮ ಮಗಳು ಎಲ್ಲಿಗೆ ಹೋಗುವುದು ಟೀಚರೇ?" ಎಂದು ಒಬ್ಬ ತಾಯಿ ಕೇಳಿದ್ದಕ್ಕೆ, ವಾಪಸು ಬರುವ ದಾರಿಯುದ್ದಕ್ಕೂ ಆಕೆಯನ್ನು ಬೈದಿದ್ದೆ. ಶಬ್ದ ನುಂಗುವ ರಾಣಿಯ ಮೇಲೆ ಏಳು ವರ್ಷ ಕೆಂಡ ಕಾರಿದವಳು ನಾನು. ಅವಳು ಬಾಯಿ ತೆರೆದರೆ ಎಂತ ಹೇಳಿಯಾಳೆಂದು ಮೊದಲಿನಿಂದಲೇ ಗೊತ್ತಿದ್ದ ಕಾರಣ ಒಂದೊಂದೇ ಸಾಲು ಕೊಯ್ಯುತ್ತಾ ಬಂದಿದ್ದೆ. ಅವನ ಮೇಲಿದ್ದ ಸಿಟ್ಟು ಪೂರ್ತಿ ನನ್ನ ಮೇಲೆ ತಿರುಗಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನ ಮೇಲೂ ಇತ್ತು. ಈಗಲೂ ಸ್ವಲ್ಪ ಉಂಟು.

ಎಂಟನೇ ಸಲ ಆ ಅಧ್ಯಾಯವನ್ನು ನಾನೇ ಬರೆದೆ. ಅವನ ಮಾತು ಒಂದೂ ಇಲ್ಲ. ರಾಣಿ ಕತ್ತಿ, ಕಾವಲು ಎಂದೆಲ್ಲ ಹೇಳುವುದಿಲ್ಲ. ಅವಳು ಕಪಾಟು ತೆರೆದು ಒಂದು ಸಣ್ಣ ಗಂಟು ತೆಗೆದು ಹುಡುಗಿಯ ಮುಂದೆ ಇಡುತ್ತಾಳೆ. "ಇದನ್ನು ಬಿಡುವಾಗ ನಿನ್ನ ಮಗುವಿಗೆ ಮಾತೇ ಬರುತ್ತಿರಲಿಲ್ಲ. ಅದರ ಪಾಲಿನದ್ದನ್ನು ನೀನೇ ತಂದು ಇಟ್ಟೆ. ಒಂದಲ್ಲ, ಅದಕ್ಕೆ ಬರಬೇಕಾದದ್ದು ಅಷ್ಟೂ. ಲೆಕ್ಕ ಸರಿ ಉಂಟಾ ನೋಡಿಕೋ." ನೀರು ಹೊರುವ ಹುಡುಗಿಗೆ ಮಗು ಎಲ್ಲಿಂದ ಬಂತು ಎಂಬ ಪ್ರಶ್ನೆ ಆಗ ಎದ್ದಿತು. ಹಾಗಾಗಿ ಮತ್ತೆ ಮೊದಲನೇ ಅಧ್ಯಾಯಕ್ಕೆ ಹೋಗಿ ಹುಡುಗಿಯನ್ನು ನಡುವಯಸ್ಸಿನ ಹೆಂಗಸು ಮಾಡಿದೆ. ಮುನ್ನೂರು ಪುಟ ಮತ್ತೆ ಬರೆದೆ.

ಸಂಪಾದಕರಿಗೆ ನಡೆದದ್ದು ನಡೆದ ಹಾಗೆ ಹೇಳಿ, ಟೈಪು ಮಾಡಿಸಿದ ಹೊಸ ಫೈಲು ಕಳಿಸಿದೆ. "ಮೊದಲಿನದೇ ಇರ್ಲಿ ಮೇಡಂ, ಅದ್ರಲ್ಲಿ ಒಂದು ಗತ್ತಿತ್ತು. ಇದು ಸ್ವಲ್ಪ ಮನೆ ಜಗಳದ ಥರ ಇದೆ" ಎಂದರು. "ಮನೆ ಜಗಳವೇ ಸರ್" ಎಂದೆ. "ಇದು ಬೇಡವಾದರೆ ಪುಸ್ತಕವೂ ಬೇಡ." ಹತ್ತು ದಿನ ಬಿಟ್ಟು ಅವರು ಒಪ್ಪಿದರು. ಅಚ್ಚಿಗೆ ಹೋಗಿದೆ.

ಅದಕ್ಕೆ ಮೊದಲು ಮಗಳಿಗೆ ಆ ಅಧ್ಯಾಯ ಕಳಿಸಿದ್ದೆ. ಇಷ್ಟು ವರ್ಷದಲ್ಲಿ ಅವಳು ಓದಲಿಕ್ಕೆಂದು ನಾನು ಕೊಟ್ಟ ಮೊದಲ ಪುಟಗಳು ಅವು. ಅವಳ ಉತ್ತರ ಬಂತು, ತುಳು ಮಾತು ಇಂಗ್ಲಿಷ್ ಅಕ್ಷರದಲ್ಲಿ: ಅಮ್ಮ, ಬಸ್ಸಿನ ಬೋರ್ಡಾದರೆ ಓದಬಹುದು, ಇಷ್ಟು ಓದಲಿಕ್ಕೆ ಒಂದು ದಿನ ಬೇಕು, ನೀನೇ ಓದಿ ವಾಯ್ಸ್ ಕಳಿಸು.

ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದಿದೆ. ರಾಣಿಯ ಮಾತನ್ನು ನನ್ನ ಬಾಯಲ್ಲಿ ಹೇಳುವಾಗ ಎರಡು ಕಡೆ ನಿಲ್ಲಿಸಬೇಕಾಯಿತು. ಅವಳು ಕೇಳಿದ್ದಾಳೆಂದು ಫೋನಿನಲ್ಲಿ ತೋರಿಸಿತು.  ಆಮೇಲೆ ಉತ್ತರ ಬಂತು: "ಈ ಮಗು ನಾನಾ?"

"ಹೌದು ಮಗಾ. ಆ ಹೆಂಗಸು ನಾನು" ಎಂದು ಕನ್ನಡ ಅಕ್ಷರದಲ್ಲಿ ಟೈಪು ಮಾಡಿದೆ. ಒಮ್ಮೆ ಓದಿ ನೋಡಿದೆ. ಮತ್ತೆ ಅದನ್ನು ಅಳಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದೆ.